ಲೈಲ್ ಕುಬಿಯಾಕನ ಮುನ್ನೂರ ಇಪ್ಪತ್ತೆಂಟು

ಮಿಲ್ ಫೋರ್ಕ್ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿ, ಪೈಪು, ವಾಷರುಗಳ ವಿಭಾಗವನ್ನು ಇಪ್ಪತ್ತಾರು ವರ್ಷಗಳಿಂದ ಆಳಿಕೊಂಡು ಬಂದಿದ್ದ ಲೈಲ್ ಕುಬಿಯಾಕನಿಗೆ ಬದುಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಇದ್ದದ್ದು ಒಬ್ಬ ಬಾಮೈದ.

ಬಾಮೈದನ ಹೆಸರು ಡ್ವೇನ್ ಟೋರ್ಗರ್ಸನ್. ವಿಮೆ ಮಾರುವುದು ಅವನ ಕಸುಬು. ಹನ್ನೊಂದು ವರ್ಷಗಳ ಹಿಂದೆ ಅವನು ಎಂ.ಬಿ.ಎ. ಸೇರಲು ಜಿಮ್ಯಾಟ್ ಪರೀಕ್ಷೆ ಬರೆದು ಆರುನೂರ ಹತ್ತು ಅಂಕ ಗಳಿಸಿದ್ದ. ಎಂ.ಬಿ.ಎ. ಪ್ರಮಾಣಪತ್ರವನ್ನು ಎಲ್ಲೋ ಕಳೆದುಕೊಂಡಿದ್ದನಾದರೂ ಆ ಅಂಕಪಟ್ಟಿಗೆ ಮಾತ್ರ ಚೌಕಟ್ಟು ಹಾಕಿಸಿ, ತನ್ನ ಕುರ್ಚಿಯ ಹಿಂದೆ, ಬೇರೆ ಮನೆಗಳಲ್ಲಿ ಶಿಲುಬೆ ಇರುವ ಜಾಗದಲ್ಲಿ ತೂಗುಹಾಕಿದ್ದ. ಥ್ಯಾಂಕ್ಸ್‌ಗಿವಿಂಗ್ ದಿನ ಟರ್ಕಿ ಕೋಳಿಯನ್ನು ಕತ್ತರಿಸುವಾಗಲೂ, "ಇದಕ್ಕೂ ಜಿಮ್ಯಾಟ್ ತಲೆ ಬೇಕು ಭಾವ. ನೀನು ಪಿಂಗಾಣಿ ತಟ್ಟೆ ಹಿಡ್ಕೋ ಸಾಕು," ಎನ್ನುತ್ತಿದ್ದ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಅದರಲ್ಲಿ ಹನ್ನೊಂದು ವರ್ಷ ಲೈಲ್ ತಟ್ಟೆ ಹಿಡಿದಿದ್ದ.

ಹೀಗಿರುವಾಗ ಸೆಪ್ಟೆಂಬರಿನ ಒಂದು ಸಂಜೆ ಲೈಲ್ ಹಿತ್ತಿಲಿನಲ್ಲಿ ಕೆಂಡದ ಮೇಲೆ ಸಾಸೇಜು ಹೊರಳಿಸುತ್ತಿದ್ದಾಗ ಕ್ಲಿನಿಕ್ಕಿನಿಂದ ಫೋನ್ ಬಂತು. ಹಿಂದಿನ ವಾರ ಅವನು ಹೆಂಡತಿ ಮಾರ್ಲಿಸ್‌ಗೆ ಗೊತ್ತಾಗದಂತೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ಗೊತ್ತಾದರೆ ಅವಳು ಮನೆಯಲ್ಲಿ ಬೆಣ್ಣೆ ಎಂಬ ಪದವನ್ನೇ ನಿಷೇಧಿಸುತ್ತಾಳೆಂದು ಅವನ ಭಯ.

ಬೇಲಿಯ ಆಚೆ ನೆರೆಮನೆಯ ಬರ್ನಡೆಟ್ ಷುಲ್ಕೆ ಗಿಡ ಕತ್ತರಿಸುತ್ತಿದ್ದಳು. ಅವಳಿಗೆ ಕೇಳಿಸಿದ್ದು ಲೈಲನ ಕಡೆಯ ಮಾತು ಮಾತ್ರ.

"ಹೌದು, ಲೈಲೇ ಮಾತಾಡ್ತಿರೋದು. ರಿಸಲ್ಟ್ ಬಂತಾ?... ಒಟ್ಟು ಮುನ್ನೂರ ಇಪ್ಪತ್ತೆಂಟಾ! ಅಯ್ಯೋ ದೇವರೇ!... ಈ ವರ್ಷ ನಮ್ಮೂರಲ್ಲಿ ಇಷ್ಟು ಯಾರಿಗೂ ಬಂದಿಲ್ವಾ?... ಮತ್ತೊಂದು ಸಲ ಪರೀಕ್ಷೆನಾ? ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ?... ಹನ್ನೆರಡು ಗಂಟೆ ಉಪವಾಸ ಇದ್ದು ಬರ್ಬೇಕಾ? ಆಯ್ತು ತಾಯಿ. ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡಿ."

ಬರ್ನಡೆಟ್‌ಳ ಕೈಯಲ್ಲಿದ್ದ ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು. ಅವಳ ಮಗಳು ಬ್ರಿಟಾ ಮೇಲಿನ ಓದಿಗಾಗಿ ಆರು ತಿಂಗಳಿನಿಂದ ಜಿ.ಆರ್.ಇ. ಪರೀಕ್ಷೆಗೆ ತಯಾರಿ ನಡೆಸಿದ್ದಳು. ಆ ಮನೆಯಲ್ಲಿ ಕಾಫಿಗೂ ಊಟಕ್ಕೂ ನಡುವೆ ಕೇಳಿಬರುತ್ತಿದ್ದುದು ಮುನ್ನೂರ ಐದು, ಮುನ್ನೂರ ಹನ್ನೊಂದು, ಮುನ್ನೂರ ಹದಿನಾಲ್ಕು ಎಂಬ ಅಂಕೆಗಳೇ. ಮುನ್ನೂರ ನಲವತ್ತಕ್ಕೆ ಮುನ್ನೂರ ಇಪ್ಪತ್ತೆಂಟು! ಅದೂ ನಲ್ಲಿ ಮಾರುವ ಲೈಲನಿಗೆ!

ಮರುದಿನ ಬೆಳಿಗ್ಗೆ ಅವಳು ಬೇಲಿಯ ಬಳಿ ಅವನನ್ನು ಹಿಡಿದಳು.

"ಲೈಲ್, ಮುಚ್ಚಿಡ್ಬೇಡ. ನಂಗೆಲ್ಲ ಕೇಳಿಸ್ತು. ಮುನ್ನೂರ ಇಪ್ಪತ್ತೆಂಟು!"

ಲೈಲನ ಮುಖ ಸುಣ್ಣವಾಯಿತು. "ಬರ್ನಡೆಟ್, ನಿಂಗೆ ಕೈ ಮುಗೀತೀನಿ, ಮಾರ್ಲಿಸ್‌ಗೆ ಹೇಳ್ಬೇಡ."

"ಯಾಕೆ ಹೇಳ್ಬಾರ್ದು? ಇಂಥದ್ದನ್ನ ಯಾರಾದ್ರೂ ಮುಚ್ಚಿಡ್ತಾರಾ? ನಮ್ಮ ಬ್ರಿಟಾನ ನೋಡು, ಎಷ್ಟು ಒದ್ದಾಡಿದ್ರೂ ಮುನ್ನೂರ ಹದಿನಾಲ್ಕರ ಮೇಲೆ ಹೋಗ್ತಾನೇ ಇಲ್ಲ."

"ಮುನ್ನೂರ ಹದಿನಾಲ್ಕಾ! ಇಪ್ಪತ್ತೆರಡು ವರ್ಷದ ಹುಡುಗಿಗೆ!" ಲೈಲನಿಗೆ ತನ್ನ ಚಿಂತೆ ಮರೆತುಹೋಯಿತು. "ಪಾಪ! ಮೇಲೆ ಹೋಗೋ ಮಾತು ಯಾಕೆ? ಮೊದ್ಲು ಇಳಿಸೋದು ನೋಡಿ."

"ತಮಾಷೆ ಮಾಡ್ಬೇಡ. ನೀನು ಹೇಗೆ ತಗೊಂಡೆ ಅದು ಹೇಳು."

"ಏನಂತ ಹೇಳ್ಲಿ? ಬೆಳಿಗ್ಗೆ ಬೇಕನ್. ಮಧ್ಯಾಹ್ನ ಚೀಸು. ಸಂಜೆ ಸಾಸೇಜು. ಮೂವತ್ತು ವರ್ಷ ಒಂದು ದಿನಾನೂ ತಪ್ಪಿಸಿಲ್ಲ." ಅವನು ನಿಟ್ಟುಸಿರುಬಿಟ್ಟ. "ಜೊತೆಗೆ ಇದು ನಮ್ಮ ವಂಶದಲ್ಲೇ ಇದೆ. ನಮ್ಮಪ್ಪನಿಗೆ ಮುನ್ನೂರ ನಲವತ್ತು ಇತ್ತು."

ಬರ್ನಡೆಟ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮುನ್ನೂರ ನಲವತ್ತಾ? ಪೂರ್ತಿ ಬಂದಿತ್ತಾ? ಆಮೇಲೆ ಎಲ್ಲಿಗೆ ಹೋದ್ರು?"

"ಎಲ್ಲಿಗೆ ಹೋಗ್ತಾರೆ? ಚರ್ಚಿನ ಹಿಂದಿನ ಸ್ಮಶಾನಕ್ಕೆ. ಆ ನಂಬರೇ ಅವರನ್ನ ಬಲಿ ತಗೊಂಡಿದ್ದು."

"ಅಯ್ಯೋ! ಓದಿ ಓದಿ ಹೋದ್ರಾ?"

"ಅವ್ರೆಲ್ಲಿ ಓದ್ತಿದ್ರು? ಪುಸ್ತಕ ಮುಟ್ಟಿದ್ದೇ ಇಲ್ಲ. ಬರೀ ತಿಂತಿದ್ರು."

ಪುಸ್ತಕ ಮುಟ್ಟದೆ ಪೂರ್ತಿ ಅಂಕ ಪಡೆದ ಮಹಾಪುರುಷನ ಮಗನನ್ನು ಬರ್ನಡೆಟ್ ಕಣ್ತುಂಬ ನೋಡಿದಳು. ನಂತರ ಒಳಗೆ ಓಡಿ ಫೋನ್ ಎತ್ತಿಕೊಂಡಳು. ಮಿಲ್ ಫೋರ್ಕಿನಲ್ಲಿ ವಾರಪತ್ರಿಕೆ ಗುರುವಾರ ಬರುತ್ತದೆ. ಬರ್ನಡೆಟ್ ದಿನಕ್ಕೆ ಎರಡು ಸಲ ಬರುತ್ತಾಳೆ.

ಮಧ್ಯಾಹ್ನ ಡ್ವೇನ್ ಅಂಗಡಿಗೆ ಬಂದ. ಅವನ ಮುಖದ ಬಣ್ಣ ಸತು ಬಳಿದ ಪೈಪಿನಂತಿತ್ತು.

"ಭಾವ, ನಾನು ಕೇಳಿದ್ದು ನಿಜಾನಾ? ನೀನು ಜಿ.ಆರ್.ಇ. ಬರ್ದು ಮುನ್ನೂರ ಇಪ್ಪತ್ತೆಂಟು ತಗೊಂಡ್ಯಂತೆ?"

ಲೈಲನ ಕೈಯಿಂದ ವಾಷರಿನ ಡಬ್ಬಿ ಜಾರಿತು. ಬೆಳಗಿನಿಂದ ಗಿರಾಕಿಗಳೆಲ್ಲ ಏಕೆ ಕೈಕುಲುಕುತ್ತಿದ್ದರು, ಪೋಸ್ಟಿನವನು ಏಕೆ ಟೋಪಿ ತೆಗೆದ ಎಂಬುದು ಅವನಿಗೆ ಈಗ ತಿಳಿಯಿತು. ಇಲ್ಲಿ ಪ್ರಾಮಾಣಿಕನಾದ ಯಾವ ಮನುಷ್ಯನೂ ಹೇಳಬೇಕಾದ ಮಾತು ಒಂದೇ: "ಅದು ಕೊಲೆಸ್ಟ್ರಾಲ್ ಕಣೋ." ಲೈಲ್ ಅದನ್ನು ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಡ್ವೇನನ ಕೆಳದುಟಿ ಸಣ್ಣಗೆ ನಡುಗಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಆ ತುಟಿ ನಡುಗಿದ್ದು ಅದೇ ಮೊದಲು.

"ಹೂಂ," ಎಂದ ಲೈಲ್, ಡಬ್ಬಿ ಎತ್ತಿಡುತ್ತ. "ಏನೋ ಬಂತಪ್ಪ. ನಾನೇನು ತಲೆ ಕೆಡಿಸ್ಕೊಂಡಿರ್ಲಿಲ್ಲ."

ಒಂದು 'ಹೂಂ'ಗೆ ಎಷ್ಟು ಶಕ್ತಿಯಿದೆಯೆಂದು ಅಂದು ಸಂಜೆಯೇ ಗೊತ್ತಾಯಿತು. ಅವನು ಮನೆಗೆ ಬಂದಾಗ ಮೇಜಿನ ಮೇಲೆ ನಾಲ್ಕು ಪದರಗಳ ಬೆಣ್ಣೆ ಕೇಕು, ಅದರ ಮೇಲೆ ಇನ್ನಷ್ಟು ಬೆಣ್ಣೆಯಲ್ಲಿ ಬರೆದ 328. ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮಾರ್ಲಿಸ್.

"ನಂಗೂ ಹೇಳ್ಲಿಲ್ವಲ್ಲ ಲೈಲ್. ನಮ್ಮ ಡ್ವೇನ್ ಮುಂದೆ ನಿನ್ನ ಯಾವಾಗ್ಲೂ ಕಡಿಮೆ ಅಂದ್ಕೊಂಡಿದ್ದೆ, ತಪ್ಪಾಯ್ತು. ತಿನ್ನು. ದೊಡ್ಡ ತುಂಡು ತಗೋ, ಮೆದುಳಿಗೆ ಒಳ್ಳೇದು."

ಮರುದಿನದಿಂದ ಅಭಿನಂದನೆಗಳು ಪಾತ್ರೆಗಳಲ್ಲಿ ಬರತೊಡಗಿದವು. ವಿಸ್ಕಾನ್ಸಿನ್ ಸೀಮೆಯಲ್ಲಿ ಹೆಮ್ಮೆಯನ್ನು ಹೂವಿನಲ್ಲಿ ಹೇಳುವ ಪದ್ಧತಿಯಿಲ್ಲ, ಹಾಲಿನ ಕೊಬ್ಬಿನಲ್ಲಿ ಹೇಳುತ್ತಾರೆ. ಕರಿದ ಚೀಸ್ ಉಂಡೆಗಳು ಬಂದವು. ಕೆನೆಯಲ್ಲಿ ಮುಳುಗಿಸಿದ ಆಲೂಗಡ್ಡೆ ಬಂತು. ಒಬ್ಬ ಹೈನುಗಾರ ಲೈಲನ ತಲೆಯಾಕಾರದಲ್ಲಿಯೇ ಬೆಣ್ಣೆ ಕಡೆದು ತಂದ. ತಂದವರೆಲ್ಲ ಎದುರಿಗೆ ಕುಳಿತು ತಿನ್ನಿಸಿಯೇ ಹೋದರು.

ಇತ್ತ ಊರು ಎರಡು ಪಕ್ಷವಾಯಿತು. ಮುನ್ನೂರ ಇಪ್ಪತ್ತೆಂಟು ದೊಡ್ಡದೋ, ಆರುನೂರ ಹತ್ತು ದೊಡ್ಡದೋ ಎಂಬುದೇ ವಿವಾದ. ಕ್ಷೌರದಂಗಡಿಯಲ್ಲಿ ಒಬ್ಬ, "ಆರುನೂರ ಹತ್ತು ಹೆಚ್ಚುಕಡಿಮೆ ಎರಡರಷ್ಟಾಯ್ತಲ್ಲ, ಮಾತೇ ಇಲ್ಲ," ಎಂದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಇನ್ನೊಬ್ಬ ಎದ್ದು ನಿಂತ. "ಮುಚ್ಚೋ! ಒಂದು ಸೆಲ್ಸಿಯಸ್ಸು, ಇನ್ನೊಂದು ಫ್ಯಾರನ್‌ಹೀಟು. ಹೊರಗೆ ಐಸ್ ಬಿದ್ದಿದ್ರೆ ಯಾವ ಥರ್ಮಾಮೀಟರ್ ಇಟ್ರೂ ಐಸೇ!" ಜಗಳ ಹತ್ತಿ, ಕ್ಷೌರಿಕ ಇಬ್ಬರನ್ನೂ ಅರ್ಧರ್ಧ ಗಡ್ಡದಲ್ಲಿಯೇ ಹೊರಗೆ ಕಳಿಸಿದ.

ಕೊನೆಗೆ ಗ್ರಂಥಪಾಲಕ ಹಾರ್ಮನ್ ಫಿಚ್, ಅಂದರೆ ಗ್ರಂಥಾಲಯದಲ್ಲಿ ಒಂಬತ್ತು ವರ್ಷದಿಂದ ಎರಡಂಕಿ ಜನರನ್ನು ಒಟ್ಟಿಗೆ ಕಾಣದಿದ್ದವನು, ಬಾಗಿಲಿಗೆ ದೊಡ್ಡ ಕಾಗದ ಅಂಟಿಸಿದ: 'ಜಿ.ಆರ್.ಇ.ಯೋ? ಜಿಮ್ಯಾಟೋ? ಲೈಲ್ ಕುಬಿಯಾಕ್ ಮತ್ತು ಡ್ವೇನ್ ಟೋರ್ಗರ್ಸನ್ ಅವರಿಂದ ತುಲನಾತ್ಮಕ ವಾದವಿವಾದ. ಶನಿವಾರ ಬೆಳಿಗ್ಗೆ ಒಂಬತ್ತು.' ಕೆಳಗೆ ಬರ್ನಡೆಟ್ ತನ್ನ ಕೈಬರಹದಲ್ಲಿ ಸೇರಿಸಿದಳು: 'ಮಿಸ್ಟರ್ ಕುಬಿಯಾಕ್ ಪರೀಕ್ಷೆಗೆ ಮುಂಚೆ ಹನ್ನೆರಡು ಗಂಟೆ ಉಪವಾಸ ಮಾಡುತ್ತಾರೆ. ಲಾಭ ಬೇಕಾದವರು ನೀವೂ ಮಾಡಿ. ಹದಿನಾಲ್ಕು ಗಂಟೆಯಾದರೆ ಇನ್ನೂ ಉತ್ತಮ.'

ಲೈಲ್ ಆ ಕಾಗದವನ್ನು ಮೂರು ಸಲ ಓದಿದ. ನಂತರ ಗ್ರಂಥಾಲಯದ ಒಳಗೆ ಹೋಗಿ, ಎರಡು ಪರೀಕ್ಷೆಗಳ ಮೇಲಿನ ಎರಡು ದಪ್ಪ ಪುಸ್ತಕಗಳನ್ನು ಅಂಗಿಯೊಳಗೆ ಅಡಗಿಸಿಕೊಂಡು ತಂದ. ಬುಧವಾರ ಅವನು ಗ್ಯಾರೇಜಿನಲ್ಲಿ ಹಿಮ ತೆಗೆಯುವ ಯಂತ್ರದ ಹಿಂದೆ ಕುಳಿತು ಓದುತ್ತಿದ್ದಾಗ ಬ್ರಿಟಾ ಬಂದಳು.

"ಲೈಲ್ ಅಂಕಲ್, ಒಂದು ನಿಮಿಷ. ನಿಮಗೆ ಇದೆಲ್ಲ ಗೊತ್ತಿದೆ, ಆದ್ರೂ ಓದ್ತಿದೀರಲ್ಲ!"

"ಮರೆತುಹೋಗ್ಬಾರ್ದು ನೋಡು," ಎಂದ ಲೈಲ್, ತಲೆಕೆಳಗಾಗಿದ್ದ ಪುಸ್ತಕವನ್ನು ತಿರುಗಿಸುತ್ತ.

"ನಂಗೆ ಸರೋವರಗಳ ಬಗ್ಗೆ ಓದ್ಬೇಕು ಅಂಕಲ್. ನೀರು, ಪಾಚಿ, ಮೀನು. ಅದಕ್ಕೆ ಜಿ.ಆರ್.ಇ. ಕೇಳ್ತಾರೆ. ಆದ್ರೆ ಡ್ವೇನ್ ಬಂದು ಅಮ್ಮನ ತಲೆ ತಿರುಗ್ಸಿದಾನೆ. ಪಾಚಿ ಓದಿದವಳಿಗೆ ಪಾಚಿನೇ ಗತಿ, ಜಿಮ್ಯಾಟ್ ಬರ್ಸಿ ಎಂ.ಬಿ.ಎ. ಮಾಡ್ಸಿ ಅಂತ. ಶನಿವಾರ ಸಂಜೆಯೊಳಗೆ ಯಾವ್ದಾದ್ರೂ ಒಂದಕ್ಕೆ ಹೆಸರು ಕೊಡ್ಬೇಕು. ಅಮ್ಮ ಹೇಳಿದಾಳೆ, ಲೈಲ್ ಏನು ಹೇಳ್ತಾನೋ ಅದೇ ಅಂತ." ಅವಳ ಕಣ್ಣು ತುಂಬಿತ್ತು. "ಸರಿಯಾಗಿ ಹೇಳ್ತೀರಾ?"

ಲೈಲನ ಗಂಟಲಿನಲ್ಲಿ ಕೊಲೆಸ್ಟ್ರಾಲ್ ಎಂಬ ಪದ ಮತ್ತೊಮ್ಮೆ ಮೇಲೆ ಬಂತು. ಆದರೆ ಹೇಳಿಬಿಟ್ಟರೆ ಬರ್ನಡೆಟ್ ಡ್ವೇನನ ಮಾತನ್ನೇ ಹಿಡಿಯುತ್ತಾಳಲ್ಲವೇ? ಅವನು ಅದನ್ನು ನುಂಗಿಕೊಂಡ. "ಹೇಳ್ತೀನಿ ಮಗು," ಎಂದ. ಆಮೇಲೆ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಶುರುಮಾಡಿದ. ಈ ಸಲ ನಿಜವಾಗಿಯೂ ಓದಿದ.

ಶುಕ್ರವಾರ ಮಿಲ್ ಫೋರ್ಕಿನಲ್ಲಿ ಯಾರೂ ಎಂದೂ ಕಾಣದ ಸಂಗತಿ ನಡೆಯಿತು. ಕ್ರೈಸ್ತರ ಶುಕ್ರವಾರದ ವಾಡಿಕೆಯಂತೆ ಮೀನು ಕರಿದು ಬಡಿಸುವ ಸಪ್ಪರ್ ಕ್ಲಬ್ಬೆಂಬ ಹೋಟೆಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮಾಲೀಕ ರಸ್ತೆಗೆ ಬಂದು, "ಏನ್ರಯ್ಯಾ, ಧರ್ಮ ಬದಲಾಯಿಸಿದ್ರಾ?" ಎಂದು ಕೂಗಿದ. ಕಿಟಕಿಯೊಂದರಿಂದ ಯಾರೋ ಉತ್ತರಿಸಿದರು: "ಪರೀಕ್ಷೆ ಇದೆ!"

ಶನಿವಾರ ಒಂಬತ್ತಕ್ಕೆ ಗ್ರಂಥಾಲಯ ತುಂಬಿ, ಮಕ್ಕಳ ಕುರ್ಚಿಗಳ ಮೇಲೂ ದೊಡ್ಡವರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದರು. ಎಪ್ಪತ್ತಮೂರು ಹೊಟ್ಟೆಗಳು ಗುರುಗುಡುತ್ತಿದ್ದವು. ಫಿಚ್ ಅಭ್ಯಾಸಬಲದಿಂದ "ಶ್!" ಎಂದ. ಹೊಟ್ಟೆಗಳು ಕೇಳಲಿಲ್ಲ.

ಡ್ವೇನ್ ಮೊದಲು ಎದ್ದ. ಚೌಕಟ್ಟನ್ನು ಗೋಡೆಯಿಂದ ಬಿಚ್ಚಿ ತಂದು ಮೇಜಿನ ಮೇಲೆ ನಿಲ್ಲಿಸಿದ್ದ. "ಜಿಮ್ಯಾಟ್ ಅಂದ್ರೆ ವ್ಯಾಪಾರಸ್ಥರ ಪರೀಕ್ಷೆ. ಲೆಕ್ಕದ ಭಾಗದಲ್ಲಿ ಕ್ಯಾಲ್ಕುಲೇಟರ್ ಕೊಡಲ್ಲ, ತಲೆ ಇರ್ಬೇಕು! ಜಿ.ಆರ್.ಇ.ಲಿ ಪರದೆ ಮೇಲೇ ಕ್ಯಾಲ್ಕುಲೇಟರ್ ಇರುತ್ತೆ. ಅದೇನು ಪರೀಕ್ಷೆನಾ, ದಿನಸಿ ಅಂಗಡಿನಾ?" ಅವನ ಪಕ್ಷದವರು ಚಪ್ಪಾಳೆ ತಟ್ಟಿದರು, ನಿತ್ರಾಣದಿಂದ.

ಲೈಲ್ ಎದ್ದ.  ಜೇಬಿನಲ್ಲಿದ್ದ ಚೀಟಿ ತೆಗೆದರೆ ಅದು ನಲ್ಲಿಗಳ ಪಟ್ಟಿ. ಅದನ್ನು ಮಡಿಸಿಟ್ಟು ತನಗೆ ತಿಳಿದ ಭಾಷೆಯಲ್ಲೇ ಶುರುಮಾಡಿದ.

"ನೋಡ್ರಪ್ಪ, ಜಿಮ್ಯಾಟ್ ಅಂದ್ರೆ ಒಂದೇ ಅಳತೆ ನಟ್ಟಿಗೆ ಮಾಡಿರೋ ಪಾನಾ. ಆ ನಟ್ಟು ನಿಮ್ಮತ್ರ ಇದ್ರೆ ಅದಕ್ಕಿಂತ ಒಳ್ಳೇದು ಇಲ್ಲ. ಅದ್ರಲ್ಲಿ ಪ್ರಬಂಧ ಬರಿಯೋ ಹಾಗಿಲ್ಲ, ಅಂಕಿ-ಅಂಶ ಓದೋಕೆ ಒಂದು ಭಾಗನೇ ಇದೆ. ಒಂದು ಭಾಗದಲ್ಲಿ ಮೂರೇ ಉತ್ತರ ತಿದ್ಬಹುದು. ಜಿ.ಆರ್.ಇ. ಅಂದ್ರೆ ತಿರುಗ್ಸೋ ಪಾನಾ, ಬಾಯಿ ಹಿಗ್ಗಿಸ್ಬಹುದು, ಕುಗ್ಗಿಸ್ಬಹುದು. ಪ್ರಶ್ನೆ ಬಿಟ್ಟು ಮುಂದೆ ಹೋಗಿ, ಟೈಮ್ ಇದ್ರೆ ವಾಪಸ್ ಬನ್ನಿ. ಪ್ರಬಂಧ ಒಂದು ಬರೀಬೇಕು. ಆಮೇಲೆ ಪದಗಳು! ನಿಮ್ಮಜ್ಜಿನೂ ಬೈಯೋಕೆ ಬಳಸದೇ ಇರೋ ಪದಗಳು."

ಜನ ನಕ್ಕರು. ಲೈಲನಿಗೆ ಧೈರ್ಯ ಬಂತು, ಬರಬಾರದಷ್ಟು ಬಂತು. "ಇನ್ನೊಂದು ಮಾತು. ಎರಡು ಪರೀಕ್ಷೆ ಅಂಕಕ್ಕೂ ಆಯಸ್ಸು ಐದು ವರ್ಷ. ಡ್ವೇನ್, ನಿಂದು ಹನ್ನೊಂದು ವರ್ಷ ಹಳೇದು. ಆ ಚೌಕಟ್ಟಲ್ಲಿರೋದು ಅಂಕ ಅಲ್ಲ ಕಣೋ, ಹೆಣ!"

ಗ್ರಂಥಾಲಯ ಕುಣಿದುಬಿಟ್ಟಿತು. "ಮುನ್ನೂರ ಇಪ್ಪತ್ತೆಂಟು! ಮುನ್ನೂರ ಇಪ್ಪತ್ತೆಂಟು!" ಎಂದು ಜನ ಮೇಜು ಗುದ್ದತೊಡಗಿದರು. ಫಿಚ್ ಕೂಡ ಗುದ್ದಿದ.

ಸರಿಯಾಗಿ ಆಗ ಬಾಗಿಲು ತೆರೆದು ಕ್ಲಿನಿಕ್ಕಿನ ಡಾಕ್ಟರ್ ಆಸ್ಟ್‌ಬಿ ಒಳಗೆ ಬಂದರು. ಎಂಟಕ್ಕೆ ಬರಬೇಕಿದ್ದ ರೋಗಿ ಒಂಬತ್ತೂವರೆಯಾದರೂ ಬರಲಿಲ್ಲವೆಂದು, ಎಲ್ಲಿ ಬಿದ್ದಿದ್ದಾನೋ ಎಂದು ಹುಡುಕಿಕೊಂಡು ಹೊರಟಿದ್ದ ಆ ತಾಯಿ ಜನರ ಘೋಷಣೆ ಕೇಳಿ ಬಿಳಿಚಿಕೊಂಡರು.

"ನಿಲ್ಸಿ! ಈ ನಂಬರು ನಿಮಗೆಲ್ಲ ಹೇಗೆ ಗೊತ್ತಾಯ್ತು? ಯಾರು ಹೇಳಿದ್ದು? ಇದು ನನ್ನ ಕ್ಲಿನಿಕ್ ಬಿಟ್ಟು ಹೊರಗೆ ಹೋಗ್ಬಾರ್ದು! ನನ್ನ ಲೈಸೆನ್ಸ್ ಹೋಗುತ್ತೆ!"

"ಜಿ.ಆರ್.ಇ. ಅಂಕ ನಿಮ್ಮ ಕ್ಲಿನಿಕ್ಕಲ್ಲಿ ಯಾಕಿತ್ತು ಡಾಕ್ಟ್ರೇ?" ಡ್ವೇನ್ ಕೇಳಿದ.

"ಯಾವ ಜಿ.ಆರ್.ಇ.? ಅದು ಕೊಲೆ—" ಡಾಕ್ಟರ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

"ಕೊಲೆ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಚೀರಿದರು. ಇಬ್ಬರು ಬಾಗಿಲ ಕಡೆ ಓಡಿದರು.

"ಕೊಲೆಸ್ಟ್ರಾಲ್!" ಲೈಲ್ ಕೂಗಿದ. ಒಂದು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪದ ಹೊರಬಂದು ಅವನಿಗೆ ಉಸಿರಾಟ ಸಲೀಸಾಯಿತು. "ಕೊಲೆಸ್ಟ್ರಾಲ್ ಕಣ್ರಪ್ಪ. ನನ್ನ ರಕ್ತದ್ದು. ನಾನು ಯಾವ ಪರೀಕ್ಷೆನೂ ಬರ್ದಿಲ್ಲ. ಡ್ವೇನ್ ಮುಖ ನೋಡಿ ಹೂಂ ಅಂದ್ಬಿಟ್ಟೆ."

ಹೊಟ್ಟೆಗಳು ಕೂಡ ನಿಶ್ಶಬ್ದವಾದವು. ಮಾರ್ಲಿಸ್ ಮೆಲ್ಲಗೆ ಎದ್ದಳು.

"ಅಂದ್ರೆ, ನಾನು ನಿಂಗೆ ಮಾಡ್ಕೊಟ್ಟ ಬೆಣ್ಣೆ ಕೇಕು..."

"ಮೂರು," ಎಂದ ಲೈಲ್ ತಲೆ ತಗ್ಗಿಸಿ.

"ಮೂರೂ ತಿಂದ್ಯಾ?"

"ನೀನು ಎದುರಿಗೇ ಕೂತಿದ್ಯಲ್ಲ."

"ಮೂರ್ಖ! ನೀನು ಸತ್ತೋಗಿದ್ರೆ ನಾನು ಯಾರನ್ನ ಬೈಕೊಂಡಿರ್ಲಿ?" ಎಂದು ಅವಳು ಅಳತೊಡಗಿದಳು. ಡ್ವೇನ್ ಗಹಗಹಿಸಿ ನಗುತ್ತ ಚೌಕಟ್ಟನ್ನು ತಲೆಯ ಮೇಲೆತ್ತಿ ಹಿಡಿದ. ಬರ್ನಡೆಟ್ ಕೆಂಪಾಗಿ ಮಗಳ ಕೈ ಹಿಡಿದೆಳೆದಳು. "ನಡಿ ಬ್ರಿಟಾ. ಜಿಮ್ಯಾಟ್‌ಗೇ ಹೆಸರು ಕೊಡೋಣ. ಇಂಥವನ ಮಾತು ಕೇಳಿ ಊಟ ಬಿಟ್ಟೆನಲ್ಲ!"

"ನಿಂತ್ಕೋ ಬರ್ನಡೆಟ್!" ಲೈಲ್ ಮೇಜಿಗೆ ಗುದ್ದಿದ. ಅವನು ಜೀವಮಾನದಲ್ಲಿ ಯಾರಿಗೂ ಹಾಗೆ ಗದರಿದವನಲ್ಲ. ತನ್ನ ಧ್ವನಿಗೆ ತಾನೇ ಬೆಚ್ಚಿ, ಸಣ್ಣಗೆ ಮುಂದುವರಿಸಿದ. "ನಾನು ಸುಳ್ಳ, ಒಪ್ಕೊಂಡೆ. ಪುಸ್ತಕ ಸುಳ್ಳಲ್ಲ. ಜಿ.ಆರ್.ಇ. ಬರ್ದ್ರೆ ಅವಳು ಸರೋವರದ ಓದಿಗೂ ಹೋಗ್ಬಹುದು. ನಾಳೆ ನಿಂಗೆ ಎಂ.ಬಿ.ಎ.ನೇ ಬೇಕು ಅನ್ಸಿದ್ರೆ, ಬೇಕಾದಷ್ಟು ಕಡೆ ಅದೇ ಅಂಕ ಅಲ್ಲೂ ತಗೋತಾರೆ. ಜಿಮ್ಯಾಟ್ ಬರ್ದ್ರೆ ಎಂ.ಬಿ.ಎ. ಬಾಗಿಲು ತೆಗಿಯುತ್ತೆ, ಸರೋವರದ ಬಾಗಿಲು ತೆಗಿಯಲ್ಲ. ಎರಡೂ ಬಾಗಿಲು ತೆಗಿಯೋ ಕೀಲಿ ಇರೋವಾಗ ಒಂದೇ ಬಾಗಿಲಿನ ಕೀಲಿ ಯಾಕೆ ಕೊಳ್ತೀಯಾ? ನಾನು ನಿಂಗೆ ಯಾವತ್ತಾದ್ರೂ ತಪ್ಪು ನಲ್ಲಿ ಮಾರಿದೀನಾ?"

ಬರ್ನಡೆಟ್ ಯೋಚಿಸಿದಳು. ಅವನು ಮಾರಿರಲಿಲ್ಲ. ಅವಳು ಫಿಚ್ ಕಡೆ ನೋಡಿದಳು. ಫಿಚ್ ಪುಸ್ತಕ ತಿರುವಿ, ಕನ್ನಡಕ ಸರಿಮಾಡಿಕೊಂಡು, "ಹೇಳಿದ್ದೆಲ್ಲ ಸರಿ ಇದೆ," ಎಂದ. "ಪದಗಳ ವಿಷಯದಲ್ಲಂತೂ ಕಡಿಮೆನೇ ಹೇಳಿದಾನೆ." ಬ್ರಿಟಾ ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಬರ್ನಡೆಟ್ ಮಗಳ ಕೈ ಬಿಟ್ಟು, "ಹೋಗು, ಅದಕ್ಕೇ ಕೊಡು," ಎಂದಳು. "ಮೊದ್ಲು ನಂಗೆ ಏನಾದ್ರೂ ತಿನ್ನೋಕೆ ಕೊಡು. ನಿನ್ನೆ ಮಧ್ಯಾಹ್ನದಿಂದ ಖಾಲಿ ಹೊಟ್ಟೆ."

ಡಾಕ್ಟರ್ ಆಸ್ಟ್‌ಬಿಯ ಕಿವಿ ನಿಮಿರಿತು. "ಖಾಲಿ ಹೊಟ್ಟೆನಾ? ಎಷ್ಟು ಜನ?"

ಎಪ್ಪತ್ತಮೂರು ಕೈಗಳು ಮೇಲೆದ್ದವು.

ಹದಿನೆಂಟು ವರ್ಷದ ವೃತ್ತಿಯಲ್ಲಿ ಆ ಡಾಕ್ಟರಿಗೆ ಮಿಲ್ ಫೋರ್ಕಿನ ಒಬ್ಬನೇ ಒಬ್ಬನನ್ನೂ ಸರಿಯಾಗಿ ಉಪವಾಸವಿರಿಸಿ ರಕ್ತ ತೆಗೆಯಲು ಸಾಧ್ಯವಾಗಿರಲಿಲ್ಲ. ಒಬ್ಬ ಡೋನಟ್ ತಿಂದು ಬರುತ್ತಿದ್ದ, ಇನ್ನೊಬ್ಬ ಡೋನಟ್ ತಿನ್ನುತ್ತಲೇ ಬರುತ್ತಿದ್ದ. ಈಗ ಇಡೀ ಊರು ಹನ್ನೆರಡು ಗಂಟೆಗೂ ಹೆಚ್ಚು ಉಪವಾಸವಿದ್ದು, ಒಂದೇ ಕೋಣೆಯಲ್ಲಿ, ಸಾಲಾಗಿ ಕುಳಿತಿದೆ!

"ಹಾರ್ಮನ್, ಬಾಗಿಲು ಹಾಕಪ್ಪ," ಎಂದರು ಡಾಕ್ಟರ್, ತೋಳು ಮಡಿಸುತ್ತ.

ಹತ್ತು ನಿಮಿಷದಲ್ಲಿ ನರ್ಸು ಸೂಜಿಗಳ ಪೆಟ್ಟಿಗೆಯೊಂದಿಗೆ ಬಂದಳು. ಕಥೆ ಪುಸ್ತಕಗಳ ಸಾಲಿನಲ್ಲಿ ಗಂಡಸರು, ಅಡುಗೆ ಪುಸ್ತಕಗಳ ಸಾಲಿನಲ್ಲಿ ಹೆಂಗಸರು. ಡ್ವೇನ್ ಭೂಗೋಳದ ಹಿಂದೆ ಅಡಗಿಕೊಂಡಿದ್ದ. ಮಾರ್ಲಿಸ್ ತಮ್ಮನ ಕಿವಿ ಹಿಡಿದು ಎಳೆದು ತಂದಳು. "ಎಲ್ಲಿಗೆ ಓಡ್ತೀಯಾ? ಪರೀಕ್ಷೆ ಅಂದ್ರೆ ನಿಂಗೆ ಇಷ್ಟ ಅಲ್ವಾ?"

ಮಂಗಳವಾರ ಫಲಿತಾಂಶ ಬಂತು. ಎಲ್ಲರಿಗೂ ಮೊಹರು ಹಾಕಿದ ಲಕೋಟೆ, ಪರಮ ಗುಪ್ತ. ಆದ್ದರಿಂದ ಸಂಜೆಯೊಳಗೆ ಎಲ್ಲರದೂ ಎಲ್ಲರಿಗೂ ಗೊತ್ತಾಯಿತು. ಊರಿಗೆ ಮೊದಲಿಗ ಡ್ವೇನ್, ಮುನ್ನೂರ ನಲವತ್ತಾರು. ಕ್ಷೌರಿಕನಿಗೆ ಮುನ್ನೂರ ಎರಡು. ಮೀನು ಕರಿಯುವವನು ಬೆವರು ಒರೆಸಿಕೊಳ್ಳುತ್ತ ಬೇಯಿಸಿದ ಮೀನನ್ನೂ ಪಟ್ಟಿಗೆ ಸೇರಿಸಿದ. ಅಂದಿನಿಂದ ಭಾವ ಬಾಮೈದರಿಬ್ಬರೂ ಬೆಳಗಾಗೆದ್ದು, ಮಾರ್ಲಿಸ್‌ಳ ಕಾವಲಿನಲ್ಲಿ, ನದಿಯ ದಂಡೆಯ ಮೇಲೆ ನಾಲ್ಕು ಮೈಲಿ ನಡೆಯತೊಡಗಿದರು. ಮೊದಲ ಮೈಲಿಯಲ್ಲಿ ಡ್ವೇನ್ ತಾನು ಮುಂದೆಂದು ಹೇಳಿಕೊಳ್ಳುತ್ತಿದ್ದ. ಎರಡನೆಯ ಮೈಲಿಯ ನಂತರ ಅವನಿಗೆ ಏನನ್ನೂ ಹೇಳಿಕೊಳ್ಳುವ ಉಸಿರು ಇರುತ್ತಿರಲಿಲ್ಲ. ಲೈಲನಿಗೆ ಇದು ವೈದ್ಯಶಾಸ್ತ್ರದ ಅತಿ ದೊಡ್ಡ ಸಾಧನೆಯೆಂದು ತೋರಿತು.

ನವೆಂಬರಿನ ಮೊದಲ ಹಿಮ ಬಿದ್ದ ದಿನ ಬ್ರಿಟಾ ಪರೀಕ್ಷೆ ಮುಗಿಸಿ, ಬೂಟು ಕೂಡ ಕೊಡವದೆ ಅಂಗಡಿಯೊಳಗೆ ನುಗ್ಗಿದಳು.

"ಲೈಲ್ ಅಂಕಲ್! ಪರದೆ ಮೇಲೇ ಅಂಕ ತೋರಿಸ್ತು! ನಂಗೆ ಮುನ್ನೂರ—"

"ಬೇಡ!" ಲೈಲ್ ಎರಡೂ ಕಿವಿ ಮುಚ್ಚಿಕೊಂಡ. "ನಂಬರ್ ಹೇಳ್ಬೇಡ ಮಗು, ನಂಗೆ ಭಯ ಆಗುತ್ತೆ. ಸರೋವರ ಸಿಗುತ್ತೋ ಇಲ್ವೋ, ಅಷ್ಟು ಹೇಳು."

ಅವಳು ಹೇಳಿದಳು. ಕಿವಿ ಮುಚ್ಚಿಕೊಂಡಿದ್ದರಿಂದ ಅವನಿಗೆ ಅದೂ ಕೇಳಿಸಲಿಲ್ಲ. ಆದರೆ ಅವಳು ನಲ್ಲಿಗಳ ಸಾಲಿನ ನಡುವೆ, ಒದ್ದೆ ಬೂಟಿನಲ್ಲಿ, ಕೈ ಮೇಲೆತ್ತಿ ಗಿರಗಿರನೆ ಸುತ್ತುತ್ತಿದ್ದುದು ಕಾಣಿಸಿತು. ಲೈಲ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೊರಬಂದು, ಕಿವಿಯಿಂದ ಕೈ ತೆಗೆಯದೆಯೇ, ತಾನೂ ಒಂದು ಸುತ್ತು ಸುತ್ತಿದ.